ತಾಯ್ ಚಿ: ಮೊದಲು ಕಾಲು ನೋಡಿ

ಬೀಜಿಂಗಿನ ತಿಯಾನ್‌ತಾನ್ ಉದ್ಯಾನದಲ್ಲಿ ಬೆಳಗಿನ ಹೊತ್ತು ತಾಯ್ ಚಿ, ಅಂದ್ರೆ ಚೀನೀಯರ ನಿಧಾನ ಚಲನೆಯ ಕಸರತ್ತು, ಮಾಡೋರ ವಿಡಿಯೋಗಳನ್ನ ನೀವೂ ನೋಡಿರ್ತೀರಿ. ವಯಸ್ಸಾದವರ ಗುಂಪು, ಸಡಿಲವಾದ ಅಂಗಿ, ನೀರಲ್ಲಿ ತೇಲೋ ಹಾಗೆ ಆಡೋ ಕೈಗಳು, ಹಿಂದೆ ಕೊಳಲು. ಇನ್ನೊಂದು ಸಲ ನೋಡಿದಾಗ ಒಂದು ಗಮನಿಸಿ. ಬಹಳಷ್ಟು ವಿಡಿಯೋಗಳಲ್ಲಿ ಸೊಂಟದಿಂದ ಕೆಳಗೆ ಏನೂ ಇರೋದೇ ಇಲ್ಲ. ಫೋನು ಹಿಡಿದವರಿಗೆ ಕೈ ಚೆಂದ ಕಂಡಿದೆ, ಕೈ ಹಿಡಿದಿದ್ದಾರೆ. ಅದನ್ನ ನೋಡಿ ಮನೇಲಿ ಕಲಿಯೋರೂ ಕೈ ಕಲೀತಾರೆ. ಮೂರು ತಿಂಗಳಾದ ಮೇಲೆ ಮಂಡಿ ಹಿಡಿದುಕೊಂಡು ಬಂದು, "ತಾಯ್ ಚಿ ಮಂಡಿಗೆ ಒಳ್ಳೇದು ಅಂದಿದ್ರಲ್ಲ?" ಅಂತ ಕೇಳ್ತಾರೆ.

ಒಳ್ಳೇದೇ. ಆದ್ರೆ ನಾವು ಅದನ್ನ ಹಿಂದುಮುಂದಾಗಿ ಕಲೀತಿದೀವಿ ಅನ್ನೋದು ನನ್ನ ತಕರಾರು. ವರಸೆ (ಅಂದ್ರೆ ಪಟ್ಟುಗಳನ್ನ ಸಾಲಾಗಿ ಜೋಡಿಸಿದ್ದು) ಮೊದಲು, ನಿಲ್ಲೋದು ಆಮೇಲೆ. ಸಂಗೀತದಲ್ಲಾದ್ರೆ ಮಾಯಾಮಾಳವಗೌಳ ರಾಗದ ಸರಳೆ ವರಸೆ ಹಾಡದ ಮಗುವಿಗೆ ಯಾವ ಮೇಷ್ಟ್ರೂ ನೇರವಾಗಿ ಕೃತಿ ಹೇಳಿಕೊಡೋದಿಲ್ಲ. ತಾಯ್ ಚಿಯಲ್ಲಿ ಮಾತ್ರ ಮೊದಲ ದಿನವೇ ಕೃತಿ ಶುರು.

ಯಾಕೆ ಹೀಗಾಯ್ತು? ತಾಯ್ ಚಿಯ ಊರು ಚೀನಾದ ಹೆನಾನ್ ಪ್ರಾಂತ್ಯದ ವೆನ್ ಕೌಂಟಿಯಲ್ಲಿರೋ ಚೆನ್ ಮನೆತನದ ಹಳ್ಳಿ, ಚೆನ್‌ಜಿಯಾಗೌ. 17ನೇ ಶತಮಾನದ ಚೆನ್ ವಾಂಗ್‌ತಿಂಗ್ ಅನ್ನೋರಿಂದ ಅಲ್ಲಿನ ಪರಂಪರೆ ಶುರುವಾಗುತ್ತೆ. ಅಲ್ಲಿ ಕಲಿತ ಯಾಂಗ್ ಲುಚಾನ್ 19ನೇ ಶತಮಾನದಲ್ಲಿ ಅದನ್ನ ಬೀಜಿಂಗಿಗೆ ತಂದರು. ಅವರ ಮೊಮ್ಮಗ ಯಾಂಗ್ ಚೆಂಗ್‌ಫು ಹಾರೋದು ಕುಪ್ಪಳಿಸೋದು ಇಲ್ಲದ, ಅಗಲವಾದ, ನಿಧಾನದ ಶೈಲಿಯನ್ನ ಜನಪ್ರಿಯ ಮಾಡಿದರು. 1956ರಲ್ಲಿ ಚೀನಾದ ಕ್ರೀಡಾ ಆಯೋಗ ಆ ಯಾಂಗ್ ಶೈಲಿಯಿಂದಲೇ 24 ಪಟ್ಟುಗಳನ್ನ ಆರಿಸಿ, ಐದಾರು ನಿಮಿಷದಲ್ಲಿ ಮುಗಿಯೋ ಒಂದು ಚಿಕ್ಕ ವರಸೆ ಕಟ್ಟಿತು. ಇವತ್ತು ಜಗತ್ತಿನಲ್ಲಿ ತಾಯ್ ಚಿ ಅಂತ ಹೆಚ್ಚಾಗಿ ಕಲಿಸೋದು ಇದನ್ನೇ. ಒಳ್ಳೇ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ವರಸೆ ಚಿಕ್ಕದಾದಾಗ ಜನ ತಯಾರಿಯನ್ನೂ ಚಿಕ್ಕದು ಮಾಡಿಬಿಟ್ಟರು.

ಈಗ ಎದ್ದು ನಿಂತು ಒಂದು ಪರೀಕ್ಷೆ ಮಾಡಿ. ಪಾದಗಳು ಭುಜದಷ್ಟು ಅಗಲ, ಎರಡೂ ನೇರ ಮುಂದಕ್ಕೆ. ಮಂಡಿ ಬೀಗ ಹಾಕಿದ ಹಾಗೆ ಬಿಗಿಯಾಗಿರೋದು ಬೇಡ, ಸ್ವಲ್ಪ ಸಡಿಲ. ನಾಲ್ಕು ಎಣಿಸುತ್ತಾ ಮೈಭಾರವನ್ನ ಎಡಗಾಲಿಗೆ ದಾಟಿಸಿ. ದಾಟಿತು ಅನ್ನಿಸಿದಾಗ ಬಲ ಪಾದವನ್ನ ಒಂದು ಅಂಗುಲ ಎತ್ತಿ. ಎತ್ತೋ ಕ್ಷಣದಲ್ಲಿ ಹೆಗಲು ಎಡಕ್ಕೆ ವಾಲಿತಾ? ಹಾಗಾದ್ರೆ ಭಾರ ದಾಟಿರಲಿಲ್ಲ, ದಾಟಿದೆ ಅನ್ನಿಸಿತ್ತು ಅಷ್ಟೇ. ತಾಯ್ ಚಿಯ ಅರ್ಧ ವಿದ್ಯೆ ಈ "ಅನ್ನಿಸಿತ್ತು" ಮತ್ತು "ಆಗಿತ್ತು" ನಡುವಿನ ಅಂತರದಲ್ಲಿದೆ. ಯಾಂಗ್ ಚೆಂಗ್‌ಫು ಹೇಳಿದ ಹತ್ತು ಮುಖ್ಯ ಸೂತ್ರಗಳಲ್ಲೂ ಒಂದು ಇದೇ: ತುಂಬಿದ ಕಾಲು ಯಾವುದು, ಖಾಲಿ ಕಾಲು ಯಾವುದು ಅಂತ ಬೇರ್ಪಡಿಸು. (ಬರಿಗಾಲು ಅನ್ನಬಹುದಿತ್ತು, ಆದ್ರೆ ನೀವು ಚಪ್ಪಲಿ ಬಿಚ್ಚಿಬಿಡ್ತೀರಿ.)

ಮನೇಲಿ ತೂಕದ ಯಂತ್ರ ಇದ್ರೆ ಇನ್ನೂ ಒಳ್ಳೇದು. ಒಂದು ಕಾಲು ಯಂತ್ರದ ಮೇಲೆ, ಇನ್ನೊಂದು ಕಾಲು ಅಷ್ಟೇ ಎತ್ತರದ, ಅಲ್ಲಾಡದ ಮರದ ಹಲಗೆಯ ಮೇಲೆ. ನೀವು 60 ಕಿಲೋ ಇದ್ದು, ಯಂತ್ರದ ಮೇಲಿನ ಕಾಲಿಗೆ ನೂರಕ್ಕೆ 70 ಭಾರ ಕೊಟ್ಟೆ ಅಂದುಕೊಂಡ್ರೆ ಮುಳ್ಳು 42 ತೋರಿಸಬೇಕು. ಶುರುವಿನಲ್ಲಿ 34, 35ರ ಹತ್ರ ನಿಂತರೆ ಬೇಸರ ಬೇಡ. ವಾರಕ್ಕೆ ಎರಡು ಸಲ ನೋಡಿ. ಯಾವ ಗುರುವಿಗಿಂತ ಈ ಯಂತ್ರ ಹೆಚ್ಚು ಸತ್ಯ ಹೇಳುತ್ತೆ, ಫೀಸೂ ಕೇಳೋದಿಲ್ಲ.

ಇದಕ್ಕೂ ಮುಂಚೆ, ಸುಮ್ಮನೆ ನಿಲ್ಲೋದು. ಚೀನೀಯರು ಇದಕ್ಕೆ ಜಾನ್ ಜುವಾಂಗ್ ಅಂತಾರೆ, ಕಂಬದ ಹಾಗೆ ನಿಲ್ಲೋದು ಅಂತ. 20ನೇ ಶತಮಾನದಲ್ಲಿ ವಾಂಗ್ ಶಿಯಾಂಗ್‌ಜಾಯ್ ಅನ್ನೋ ಮಲ್ಲ, ವರಸೆಗಳನ್ನೆಲ್ಲ ಬದಿಗಿಟ್ಟು ನಿಲ್ಲೋದನ್ನೇ ತನ್ನ ಪದ್ಧತಿಯ ತಳಪಾಯ ಮಾಡಿಕೊಂಡ. ಪಾದ ಭುಜದಷ್ಟು ಅಗಲ. ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ, ಈ ಮೂರೂ ನೆಲಕ್ಕೆ ಒತ್ತಿರಬೇಕು. ಎತ್ತರದ ಸ್ಟೂಲಿನ ಮೇಲೆ ಕೂರೋಕೆ ಹೊರಟು ಅರ್ಧಕ್ಕೆ ನಿಂತ ಹಾಗೆ ತೊಡೆಸಂದು ಮಡಿಸಿ. ನೆತ್ತಿಯನ್ನ ಯಾರೋ ದಾರ ಕಟ್ಟಿ ಮೇಲೆತ್ತಿದ ಹಾಗೆ, ಗಲ್ಲ ತುಸು ಒಳಕ್ಕೆ. ಕೈಗಳು ಎದೆಯ ಮುಂದೆ ಮರದ ಕಾಂಡ ತಬ್ಬಿದ ಹಾಗೆ ದುಂಡಗೆ, ಮೊಣಕೈ ಭುಜಕ್ಕಿಂತ ಕೆಳಗೆ, ಕಂಕುಳಲ್ಲಿ ಒಂದು ಮುಷ್ಟಿ ಹಿಡಿಸೋವಷ್ಟು ಜಾಗ.

ಮೊದಲ ವಾರ 2 ನಿಮಿಷ. ಆಮೇಲೆ ವಾರಕ್ಕೆ ಒಂದೊಂದು ನಿಮಿಷ ಏರಿಸಿ, 15ಕ್ಕೆ ಬಂದರೆ ಮನೆಮಂದಿಗೆ ಧಾರಾಳವಾಯ್ತು. ಮೊದಲ ದಿನವೇ 20 ನಿಮಿಷ ನಿಂತು ತೋರಿಸೋರಿದ್ದಾರೆ. ಆತುರಗಾರನಿಗೆ ಬುದ್ಧಿ ಮಟ್ಟ.

ಏನೇನು ಎಡವಟ್ಟಾಗುತ್ತೆ? ಹೆಗಲು ಕಿವಿ ಹತ್ರ ಏರುತ್ತೆ, ಯಾಕಂದ್ರೆ ಕೈ ತುಂಬ ಮೇಲಿದೆ. ಹೊಕ್ಕಳ ಮಟ್ಟಕ್ಕೆ ಇಳಿಸಿ. ತೊಡೆ ನಡುಗುತ್ತೆ. ನಡುಗಲಿ, ಅದು ಸ್ನಾಯು ಕೆಲಸ ಮಾಡ್ತಿರೋದು. ಕಣ್ಣು ಕತ್ತಲೆ ಬಂದ ಹಾಗಾಗುತ್ತೆ, ಇದಕ್ಕೆ ಮಾತ್ರ ಹುಷಾರು. ಅಲ್ಲಾಡದೆ ನಿಂತಾಗ ರಕ್ತ ಕಾಲಲ್ಲೇ ತಂಗುತ್ತೆ, ಮಂಡಿ ಬಿಗಿದು ಉಸಿರೂ ಹಿಡಿದರೆ ತಲೆಗೆ ಹೋಗೋದು ಕಡಿಮೆಯಾಗುತ್ತೆ. ತಕ್ಷಣ ಕೈ ಇಳಿಸಿ, ಕೂತ್ಕೊಳ್ಳಿ. ಬಿಪಿ ಮಾತ್ರೆ ತಗೊಳೋರು, ಖಾಲಿ ಹೊಟ್ಟೆಯವರು ಹಿಂದೆ ಒಂದು ಕುರ್ಚಿ ಇಟ್ಟುಕೊಂಡೇ ನಿಲ್ಲಲಿ. ಇನ್ನೊಂದು ಎಡವಟ್ಟು, ಬೆನ್ನು ನೇರ ಮಾಡ್ತೀನಿ ಅಂತ ಪೃಷ್ಠವನ್ನ ಬಲವಂತವಾಗಿ ಮುಂದಕ್ಕೆ ತಳ್ಳೋದು. ಹಾಗೆ ತಳ್ಳಿದರೆ ತೊಡೆಸಂದಿನ ಮಡಿಕೆ ಬಿಚ್ಚಿಹೋಗುತ್ತೆ, ಭಾರವೆಲ್ಲ ಮಂಡಿಗೆ ಬರುತ್ತೆ. ಬಾಲಮೂಳೆ ತಾನಾಗಿ ಕೆಳಗೆ ತೂಗಬೇಕು. ಅಂಗೈಯ ಅಂಚನ್ನ ತೊಡೆಸಂದಿಗೆ ಇಟ್ಟು ಕೂತು ನೋಡಿ, ಮಡಿಕೆ ಕೈಯನ್ನ ಕಚ್ಚಿ ಹಿಡೀಬೇಕು. ಹಿಡೀಲಿಲ್ಲ ಅಂದ್ರೆ ನೀವು ಬಗ್ಗಿಸಿರೋದು ಬರೀ ಮಂಡಿಯನ್ನ.

ಈಗ ಮಂಡಿಯ ವಿಷಯಕ್ಕೇ ಬರೋಣ. ಮಂಡಿ ಹೆಚ್ಚುಕಡಿಮೆ ಬಾಗಿಲ ಕೀಲಿನ ಥರ. ಮಡಚುತ್ತೆ, ಚಾಚುತ್ತೆ. ಅದಕ್ಕೆ ತಿರುಚೋದು ಹಿತವಲ್ಲ. ತಿರುಗೋ ಕೆಲಸ ಮೇಲಿರೋ ಸೊಂಟದ ಕೀಲಿನದು. ತಾಯ್ ಚಿಯಲ್ಲಿ ದೇಹ ಸದಾ ತಿರುಗುತ್ತಲೇ ಇರುತ್ತೆ, ಪಾದ ನೆಲಕ್ಕೆ ಅಂಟಿರುತ್ತೆ, ನಡುವೆ ಸಿಕ್ಕಿಬೀಳೋದು ಮಂಡಿ.

"ಮೊಣಕಾಲು ಸವರಿ ಹೆಜ್ಜೆ" ಅನ್ನೋ ಪಟ್ಟು ತಗೊಳ್ಳಿ. ಎಡಗಾಲು ಮುಂದೆ ಭಾರ ಹೊತ್ತು ನಿಂತಿದೆ. ಮುಂದಿನ ಹೆಜ್ಜೆಗೆ ಎಡ ಪಾದ ಹೊರಕ್ಕೆ 45 ಡಿಗ್ರಿ ತಿರುಗಬೇಕು. ಹೊಸಬರು ಭಾರ ಹೊತ್ತ ಪಾದವನ್ನ ಹಾಗೇ ಬೂಟಿನ ಸಮೇತ ತಿರುವ್ತಾರೆ. ನೆಲ ಬಿಡೋದಿಲ್ಲ, ಮಂಡಿ ತಿರುಚುತ್ತೆ. ಕ್ರಮ ಏನಂದ್ರೆ, ಮೊದಲು ಹಿಂದಿನ ಬಲಗಾಲ ಮೇಲೆ ಕೂರಿ, ಅಂದ್ರೆ ಮಂಡಿ ಬಗ್ಗಿಸಿ ಭಾರವನ್ನ ಅದಕ್ಕೆ ದಾಟಿಸಿ. ಎಡಗಾಲ ಬೆರಳುಗಳು ತಾವಾಗಿ ಏಳುತ್ವೆ. ಸೊಂಟ ಎಡಕ್ಕೆ ತಿರುಗಿಸಿ, ಹಿಮ್ಮಡಿಯ ಮೇಲೆ ಪಾದ ಜೊತೆಗೇ ತಿರುಗಲಿ. ಆಮೇಲೆ ಎಡಗಾಲಿಗೆ ಭಾರ ದಾಟಿಸಿ. ಬಲಗಾಲನ್ನ ಪಕ್ಕಕ್ಕೆ ತಂದು ಮುಂದೆ ಇಡಿ, ಹಿಮ್ಮಡಿ ಮೊದಲು, ಬೆಕ್ಕು ಹೆಂಚಿನ ಮೇಲೆ ಕಾಲಿಟ್ಟ ಹಾಗೆ. ಪಾದ ಪೂರ್ತಿ ನೆಲಕ್ಕೆ ಕೂತ ಮೇಲಷ್ಟೇ ಭಾರ. ಅನುಭವಸ್ಥರಲ್ಲಿ ಕೆಲವರು ಭಾರ ಹೊತ್ತ ಕಾಲಲ್ಲೇ ತಿರುಗ್ತಾರೆ, ಅದು ಅವರಿಗೆ ಇರಲಿ.

ಹೆಜ್ಜೆ ಇಟ್ಟಾಗ ಇನ್ನೊಂದು ತಪ್ಪು. ಮುಂಗಾಲು ಹಿಂಗಾಲು ಒಂದೇ ಗೆರೆ ಮೇಲೆ, ದೊಂಬರಾಟದ ಹಗ್ಗದ ಮೇಲೆ ನಿಂತ ಹಾಗೆ. ಮುಂಗಾಲು ಬಾಗಿಸಿ ಹಿಂಗಾಲು ಚಾಚಿ ನಿಲ್ಲೋ ಬಿಲ್ಲಿನ ನಿಲುವಿನಲ್ಲಿ ಎರಡು ಹಿಮ್ಮಡಿಗಳ ನಡುವೆ ಅಡ್ಡಕ್ಕೆ 10ರಿಂದ 30 ಸೆಂಟಿಮೀಟರ್ ಅಂತರ ಬೇಕು. ಮುಂದಿನ ಪಾದ ನೇರ, ಹಿಂದಿನದು ಹೊರಕ್ಕೆ 45 ಡಿಗ್ರಿ. ಮುಂದಿನ ಮಂಡಿ ಎರಡನೇ ಬೆರಳಿನ ದಿಕ್ಕಿಗೇ ನೋಡ್ತಿರಬೇಕು, ಬೆರಳ ತುದಿ ದಾಟಬಾರದು. ಭರತನಾಟ್ಯದ ಅರಮಂಡಿ ಕಲಿತವರಿಗೆ ಇದು ಬೇಗ ಅರ್ಥ ಆಗುತ್ತೆ. ಅಲ್ಲಿ ಪಾದ ಹೊರಕ್ಕೆ ತಿರುಗಿರುತ್ತೆ, ಇಲ್ಲಿ ಮುಂದಕ್ಕಿರುತ್ತೆ, ಆದ್ರೆ ಪಾದ ಎತ್ತಲೋ ಮಂಡಿ ಅತ್ತಲೇ ಅನ್ನೋ ನಿಯಮ ಎರಡಕ್ಕೂ ಒಂದೇ. ಮಂಡಿ ಒಳಕ್ಕೆ ಕುಸಿಯೋದನ್ನ ತಡೆಯೋಕಾಗದಿದ್ರೆ ಹೆಜ್ಜೆ ಚಿಕ್ಕದು ಮಾಡಿ. ಹೆಚ್ಚು ಸಲ ಕಾರಣ ಅದೇ, ಉದ್ದದ ಹೆಜ್ಜೆ.

24 ಪಟ್ಟುಗಳಲ್ಲಿ ಮಂಡಿಗೆ ಅಪಾಯದ ಜಾಗ ಗೊತ್ತಾಗಬೇಕಾದ್ರೆ, ಎಡ "ಗುಬ್ಬಚ್ಚಿ ಬಾಲ" ಮುಗಿದು ಬಲ ಗುಬ್ಬಚ್ಚಿಗೆ ಹೊರಳೋ ಕಡೆ ನೋಡಿ. ಅಲ್ಲಿ ದೇಹ ಪೂರ್ತಿ ಹಿಂದುಮುಂದಾಗಬೇಕು. ಬಲಗಾಲ ಮೇಲೆ ಕೂತು, ಎಡ ಪಾದದ ಮುಂಭಾಗವನ್ನ ಆದಷ್ಟೂ ಒಳಕ್ಕೆ ಕೊಕ್ಕೆಯ ಹಾಗೆ ತಿರುಗಿಸಿ ಇಟ್ಟು, ಆಮೇಲೆ ಎಡಕ್ಕೆ ಭಾರ ಮರಳಿಸೋದು. ಪಾದ ಸಾಲದಷ್ಟು ತಿರುಗಿದ್ರೆ ಎದೆ ಒಂದು ಕಡೆ, ಮಂಡಿ ಇನ್ನೊಂದು ಕಡೆ. "ಮೋಡದ ಕೈ" ಅನ್ನೋ ಪಟ್ಟಿನಲ್ಲೂ ಇದೇ ಗೋಳು. ಸೊಂಟದ ಕೀಲು ಎಷ್ಟು ತಿರುಗುತ್ತೋ ಅಷ್ಟೇ ತಿರುಗಿ, ಪ್ರತಿ ಬದಿಗೆ 45 ಡಿಗ್ರಿ ಸಾಕು. ಅದಕ್ಕಿಂತ ಹೆಚ್ಚು ಬೇಕು ಅಂದ್ರೆ ಸಾಲ ಕೊಡೋದು ಮಂಡಿಯೇ.

ನೆಲಕ್ಕೆ ಹತ್ತಿರ ಇಳಿಯೋ "ಹಾವು ಕೆಳಗಿಳಿಯುವ" ಪಟ್ಟನ್ನ 50 ದಾಟಿದವರು ನಿಂತೇ ಮಾಡಲಿ, ಬರೀ ಭಾರ ದಾಟಿಸಲಿ. ತಪ್ಪೇನಿಲ್ಲ. ತಗ್ಗಿ ಮಾಡಿದಷ್ಟೂ ದೊಡ್ಡ ಸಾಧಕ ಅನ್ನೋದು ಸ್ಪರ್ಧೆಯವರ ಲೆಕ್ಕ.

ನೋವಿನಲ್ಲಿ ಎರಡು ಜಾತಿ. ತೊಡೆಯ ಮುಂಭಾಗ ಉರಿದರೆ ಮುಂದುವರಿಸಿ. ಮಂಡಿಚಿಪ್ಪಿನ ಕೆಳಗೆ ಅಥವಾ ಮಂಡಿಯ ಒಳಬದಿಯಲ್ಲಿ ಚುಚ್ಚಿದರೆ ಅವತ್ತಿಗೆ ನಿಲ್ಲಿಸಿ, ಮಾರನೇ ದಿನ ಎರಡು ಅಂಗುಲ ಎತ್ತರಕ್ಕೆ ನಿಂತು ಮಾಡಿ. ಊತ ಬಂದ್ರೆ, ಮಂಡಿ ಸಿಕ್ಕಿಕೊಂಡ ಹಾಗಾದ್ರೆ ಮೂಳೆ ಡಾಕ್ಟರ ಹತ್ರ.

ಉಸಿರು? ಮೊದಲ ಆರು ತಿಂಗಳು ಅದರ ಸುದ್ದಿಗೇ ಹೋಗಬೇಡಿ. ಕೈ ಏರಿದಾಗ ಒಳಗೆ, ಇಳಿದಾಗ ಹೊರಗೆ ಅಂತ ಲೆಕ್ಕ ಹಾಕಿದರೆ, ಮುಂದಿನ ಪಟ್ಟು ಮರೆತ ಕ್ಷಣ ಉಸಿರೂ ಅಲ್ಲೇ ನಿಲ್ಲುತ್ತೆ. ಬಾಯಿ ಮುಚ್ಚಿ, ಮೂಗಲ್ಲಿ ಬಂದ ಹಾಗೆ ಬರಲಿ.

ಇಷ್ಟೆಲ್ಲ ಪಾಡು ಪಟ್ಟರೆ ಏನು ಸಿಗುತ್ತೆ ಅಂತೀರಾ? 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನದಲ್ಲಿ 195 ಪಾರ್ಕಿನ್ಸನ್ಸ್ ರೋಗಿಗಳು ವಾರಕ್ಕೆ ಎರಡು ಸಲ, ಒಂದೊಂದು ಗಂಟೆ, 24 ವಾರ ವ್ಯಾಯಾಮ ಮಾಡಿದರು. ಮೂರು ಗುಂಪುಗಳಲ್ಲಿ ಸಮತೋಲನ ಹೆಚ್ಚು ಸುಧಾರಿಸಿದ್ದು ತಾಯ್ ಚಿ ಗುಂಪಿನದು. 2016ರ ಇನ್ನೊಂದರಲ್ಲಿ ಮಂಡಿ ಸವೆತದ 204 ಜನರಿಗೆ 12 ವಾರದ ತಾಯ್ ಚಿ, ಫಿಸಿಯೋಥೆರಪಿಯಷ್ಟೇ ಉಪಯೋಗಕ್ಕೆ ಬಂತು. 2018ರಲ್ಲಿ, ಬೀಳುವ ಅಪಾಯವಿದ್ದ 70 ದಾಟಿದ 670 ಜನರಲ್ಲಿ, ಬರೀ ಮೈ ಚಾಚೋ ವ್ಯಾಯಾಮ ಮಾಡಿದವರಿಗಿಂತ ತಾಯ್ ಚಿ ಮಾಡಿದವರು ಬೀಳೋದು ನೂರಕ್ಕೆ 58ರಷ್ಟು ಕಡಿಮೆಯಾಯ್ತು. ಈ ಕೊನೆಯದರಲ್ಲಿ ಕಲಿಸಿದ್ದು 24 ಪಟ್ಟೂ ಅಲ್ಲ, ಬರೀ 8. ಭಾರ ದಾಟಿಸೋದಕ್ಕೇ, ಸಮತೋಲನಕ್ಕೇ ಅಂತ ಹೊಂದಿಸಿದ 8. ನನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

"ಚೀ" ಅಂದ್ರೆ ಏನು ಅಂತ ಕೇಳೋರಿಗೆ: ಮೈಯಲ್ಲಿ ಹರಿಯುತ್ತೆ ಅಂತ ಚೀನೀಯರು ಹೇಳೋ ಪ್ರಾಣಶಕ್ತಿ. ಕಲಿಸೋವಾಗ ಅದು ಒಳ್ಳೇ ಉಪಮೆ. "ಬೆರಳ ತುದಿವರೆಗೆ ಚೀ ಹರಿಸು" ಅಂದ ಕೂಡಲೇ ಕಲಿಯೋರ ಮಣಿಕಟ್ಟು ಜೋತುಬೀಳೋದು ನಿಲ್ಲುತ್ತೆ. ಆದ್ರೆ ಅದೇ ಚೀ ಹೆಸರಲ್ಲಿ ಮಾತ್ರೆ ಬಿಡಿ ಅನ್ನೋರು, ಮುಟ್ಟದೇ ಎದುರಾಳೀನ ಕೆಡವ್ತೀನಿ ಅನ್ನೋರು ಇದ್ದಾರೆ. 2017ರಲ್ಲಿ ಚೆಂಗ್ಡುವಿನಲ್ಲಿ ಶು ಶಿಯಾವ್‌ಡಾಂಗ್ ಅನ್ನೋ ಎಮ್‌ಎಮ್‌ಎ (ಮಿಶ್ರ ಸಮರಕಲೆ) ಪಟು ತಾಯ್ ಚಿ ಗುರುವೊಬ್ಬರನ್ನ ಅರ್ಧ ನಿಮಿಷದೊಳಗೆ ನೆಲಕ್ಕೆ ಹಾಕಿದ ವಿಡಿಯೋ ಚೀನಾವನ್ನೇ ಅಲ್ಲಾಡಿಸಿತ್ತು. ಆರೋಗ್ಯಕ್ಕೆ ಕಲಿಯೋರಿಗೆ ಅದರಿಂದ ಏನೂ ನಷ್ಟ ಇಲ್ಲ. ಬಚ್ಚಲಮನೆಯಲ್ಲಿ ಜಾರಿದಾಗ ಸಾವರಿಸಿಕೊಳ್ಳೋ ಕಾಲು ಬೇಕಾಗಿರೋದು ನಮಗೆ.

ನೆನಪಿನ ಶಕ್ತಿ ಸಾಲದು, ಮನೆ ಚಿಕ್ಕದು ಅನ್ನೋರು ಬಾದುವಾನ್‌ಜಿನ್ ಅನ್ನೋ ಇನ್ನೊಂದು ಚೀನೀ ಕಸರತ್ತು ಕಲೀಲಿ. ಎಂಟೇ ಚಲನೆ, ಹೆಚ್ಚುಕಡಿಮೆ ನಿಂತಲ್ಲೇ, ಹನ್ನೆರಡು ನಿಮಿಷದ ಆಸುಪಾಸು. ಅದರಲ್ಲಿ ಐದನೆಯದು, ಕಾಲು ಅಗಲಿಸಿ ಮಂಡಿ ಬಗ್ಗಿಸಿ ನಿಂತು ತಲೆ ಸುತ್ತಿಸೋದು, ತಲೆಸುತ್ತು ಇರೋರಿಗೆ ಬೇಡ. ಕೊನೇದರಲ್ಲಿ ಹಿಮ್ಮಡಿ ಎತ್ತಿ ಏಳು ಸಲ ನೆಲಕ್ಕೆ ಬಿಡಬೇಕು. ಮೂಳೆ ಟೊಳ್ಳಾಗಿರೋರು ದಬ್ಬಂತ ಬಿಡಬಾರದು, ಮೆಲ್ಲಗೆ ಇಳಿಸಬೇಕು.

ಯೋಗದ ಮ್ಯಾಟ್ ಮೇಲೆ ತಾಯ್ ಚಿ ಮಾಡಲೇಬೇಡಿ. ಅದು ಜಾರಬಾರದು ಅಂತಲೇ ಮಾಡಿದ್ದು, ಪಾದ ತಿರುಗೋಕೆ ಬಿಡೋದಿಲ್ಲ. ದಪ್ಪ ಮೆತ್ತನೆ ಅಡಿಯ ಓಟದ ಬೂಟೂ ಬೇಡ, ತೆಳು ಚಪ್ಪಟೆ ಅಡಿಯದು ಸಾಕು. ಟೈಲ್ಸ್ ಮೇಲೆ ಕಾಲುಚೀಲ ಹಾಕಿಕೊಂಡು ಮಾಡಿದರೆ ಜಾರ್ತೀರಿ. ಬರಿಗಾಲು ಪರವಾಗಿಲ್ಲ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರೋರು ಮಾತ್ರ ಬೂಟು ಹಾಕಲೇಬೇಕು.

ವಿಡಿಯೋ ನೋಡಿ ಕಲಿಯೋರು ಬೆನ್ನ ಕಡೆಯಿಂದ ಚಿತ್ರಿಸಿದ್ದನ್ನ ಹುಡುಕಿ, ಎಡಬಲ ಗೊಂದಲ ಇರೋದಿಲ್ಲ. ಮೊದಲ ತಿಂಗಳು ನಿಲ್ಲೋದು ಮತ್ತು ಭಾರ ದಾಟಿಸೋದು, ಎರಡನೇ ತಿಂಗಳು ಬೆಕ್ಕಿನ ಹೆಜ್ಜೆ, ಮೂರನೇ ತಿಂಗಳು ಮೋಡದ ಕೈ. ಆಮೇಲೆ ವಾರಕ್ಕೊಂದು ಪಟ್ಟು. ಶುರು ಮಾಡೋ ಮೊದಲು ಆ ವಿಡಿಯೋದ ಧ್ವನಿ ಬಂದ್ ಮಾಡಿ, ಮೇಲರ್ಧ ಪರದೆಯನ್ನ ಅಂಗೈಯಿಂದ ಮುಚ್ಚಿ, ಪಾದ ಮಾತ್ರ ನೋಡುತ್ತಾ ಒಂದು ಸಲ ಪೂರ್ತಿ ಓಡಿಸಿ. ಪಾದವೇ ಕಾಣದ ವಿಡಿಯೋ ಆದ್ರೆ ಬೇರೆದು ಹುಡುಕಿ.