ಬದು ಹಾರಿಸಬೇಡಿ, ಮಣ್ಣು ಹಾಕಿಸಿ ದಿಬ್ಬ ಕಟ್ಟಿಸಿ

ನಮಸ್ಕಾರ. ಇವತ್ತಿನ ಮಾತು ಎಟಿವಿ, ಅಂದ್ರೆ ಬೈಕ್ ಥರ ಹ್ಯಾಂಡಲ್ ಇರೋ, ಕಚ್ಚಾ ದಾರಿಯಲ್ಲಿ ಓಡೋ ನಾಲ್ಕು ಚಕ್ರದ ಗಾಡಿ ಹಾರಿಸೋದರ ಬಗ್ಗೆ. ಹಾರಿಸಲೇಬೇಡಿ ಅಂತ ಹೇಳೋಕೆ ನಾನು ಬಂದಿಲ್ಲ. ನಾಲ್ಕೂ ಚಕ್ರ ನೆಲ ಬಿಟ್ಟ ಆ ಅರೆಗಳಿಗೆಯ ಖುಷಿ ನನಗೂ ಗೊತ್ತು, ಬಹಳ ಇಷ್ಟಾನೂ ಹೌದು. ಆದರೆ ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಹುಡುಗರ ಕೈಗೆ ಎಟಿವಿ ಸಿಕ್ಕಿದ ತಕ್ಷಣ ಮೊದಲು ಕಣ್ಣಿಗೆ ಬೀಳೋದು ಗದ್ದೆ ಬದು. ಕಬ್ಬು ಕಟಾವಾಗಿ ಗದ್ದೆ ಖಾಲಿ ಇರುತ್ತೆ, ವಿಡಿಯೋ ಹಿಡಿಯೋಕೆ ಒಬ್ಬ ಸ್ನೇಹಿತ ಇರ್ತಾನೆ, ಇನ್ನೇನು ಬೇಕು ಅಂತ ಗಾಡಿ ಎತ್ತೇ ಬಿಡ್ತಾರೆ. ಹೊಸದಾಗಿ ಕಲಿಯೋರಿಗೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ ಕಣ್ರೀ.

ಯಾಕೆ ಅಂತ ಹತ್ತಿರದಿಂದ ನೋಡೋಣ. ನಮ್ಮ ಗದ್ದೆ ಬದು ಎಷ್ಟು ಅಗಲ? ಒಂದಡಿ, ಹೆಚ್ಚಂದ್ರೆ ಎರಡಡಿ. ಎಟಿವಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರೋ ಅಂತರ ನಾಲ್ಕಡಿ ಚಿಲ್ಲರೆ. ಅಂದ್ರೆ ಮುಂದಿನ ಚಕ್ರ ಬದು ಹತ್ತಿ ಆಚೆ ಇಳಿಯೋ ಹೊತ್ತಿಗೆ ಹಿಂದಿನ ಚಕ್ರ ಬದುವಿನ ಬುಡಕ್ಕೆ ಬಂದು ಗುದ್ದುತ್ತೆ. ಹಿಂದಿನ ಶಾಕ್ ಅಬ್ಸಾರ್ಬರ್ ಪೂರ್ತಿ ಒತ್ತಿಹೋಗುತ್ತೆ, ಮರುಕ್ಷಣ ಸ್ಪ್ರಿಂಗ್ ವಾಪಸ್ ಚಿಮ್ಮುತ್ತೆ. ಹಿಂಭಾಗ ಎಗರಿ, ಮೂತಿ ಕೆಳಕ್ಕೆ ಹೋಗುತ್ತೆ. ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳ್ತಾನೆ, ಅವನ ಬೆನ್ನಿಗೇ ಮಷೀನ್ ಬಂದು ಬೀಳುತ್ತೆ. ಬೈಕ್ ಆದ್ರೆ ಪಕ್ಕಕ್ಕೆ ಬೀಳುತ್ತೆ. ಎಟಿವಿ ಉರುಳಿಕೊಂಡು ನಿಮ್ಮ ಮೇಲೇ ಬರುತ್ತೆ.

ಇನ್ನು ಬದುವಿನ ಆಚೆ ಏನಿದೆ? ನೀರು ಕಟ್ಟಿದ ಗದ್ದೆ ಆದ್ರೆ ಮುಂದಿನ ಚಕ್ರ ಹೂತುಕೊಂಡು ಗಾಡಿ ಅಲ್ಲೇ ಪಲ್ಟಿ. ಪಕ್ಕದಲ್ಲಿ ಬಸಿಗಾಲುವೆ ಇರಬಹುದು. ಕಟಾವಾದ ಕಬ್ಬಿನ ಮೋಟು ಚೂಪಾಗಿ ನಿಂತಿರುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಕಡೆ ಬಗ್ಗಿ ಕಳೆ ಕೀಳ್ತಿರೋ ಹೆಣ್ಣುಮಗಳು ಈ ಕಡೆಯಿಂದ ನಿಮಗೆ ಕಾಣಿಸೋದೇ ಇಲ್ಲ. ಅಷ್ಟೇ ಅಲ್ಲ, ಆ ಬದು ಯಾರೋ ರೈತ ಗುದ್ದಲಿ ಹಿಡಿದು ಕಟ್ಟಿರೋದು. ಚಕ್ರ ಹೊಡೆದು ಅದು ಕಿತ್ತುಹೋದ್ರೆ ರಾತ್ರಿಯೆಲ್ಲ ನೀರು ಸೋರಿಹೋಗುತ್ತೆ. ನಾಲೆ ಏರಿ ಮೇಲಂತೂ ಈ ಆಟ ಬೇಡವೇ ಬೇಡ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಸ್ ಉರುಳಿ 30 ಜನ ಹೋದ್ರು. ಆ ನಾಲೆಗೆ ಬಿದ್ದವರಿಗೆ ಏನಾಗುತ್ತೆ ಅಂತ ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದ್ರೆ ಎಲ್ಲಿ ಕಲಿಯೋದು? ನನ್ನ ಉತ್ತರ ಒಂದೇ, ಟೇಬಲ್‌ಟಾಪ್. ಮೋಟೋಕ್ರಾಸ್, ಅಂದ್ರೆ ಮಣ್ಣಿನ ಟ್ರ್ಯಾಕ್‌ನ ಬೈಕ್ ರೇಸ್, ನೋಡಿದವರಿಗೆ ಗೊತ್ತಿರುತ್ತೆ: ಹತ್ತೋಕೆ ಒಂದು ಇಳಿಜಾರು, ಮೇಲೆ ಸಮತಟ್ಟು, ಇಳಿಯೋಕೆ ಇನ್ನೊಂದು ಇಳಿಜಾರು. ನಡುವೆ ಗುಂಡಿ ಇಲ್ಲ, ಸಂದು ಇಲ್ಲ. ವೇಗ ಸಾಲದೆ ಹೋದ್ರೂ ಆ ಸಮತಟ್ಟಿನ ಮೇಲೇ ಇಳೀತೀರಿ, ಏನೂ ಆಗಲ್ಲ. ಎರಡು ದಿಬ್ಬ ಇದ್ದು ನಡುವೆ ಖಾಲಿ ಇರೋ ಡಬಲ್ ಜಂಪ್ ಹೊಸಬರಿಗೆ ಸುತರಾಂ ಬೇಡ.

ಇದನ್ನ ಕಟ್ಟೋಕೆ ರೇಸ್ ಟ್ರ್ಯಾಕ್ ಬೇಕಿಲ್ಲ. ಸ್ವಂತ ಜಮೀನಲ್ಲಿ ಬೆಳೆ ಇಡದ ಒಂದು ಮೂಲೆ ಸಾಕು. ಊರಲ್ಲಿ ಜೆಸಿಬಿ ಯಾವುದಾದ್ರೂ ಮನೆ ಪಾಯ ತೆಗೆಯೋಕೆ ಬಂದಾಗ ಹೇಳಿ ಇಟ್ಟರೆ ಕೆಮ್ಮಣ್ಣು ಸುರಿದು ಕೊಟ್ಟು ಹೋಗ್ತಾರೆ. ಎತ್ತರ ಒಂದೂವರೆ ಅಡಿ ಮೀರಬಾರದು. ಹತ್ತೋ ಇಳಿಜಾರು ಎಂಟೊಂಬತ್ತು ಅಡಿ, ಮೇಲಿನ ಸಮತಟ್ಟು ಹತ್ತಡಿ, ಇಳಿಯೋ ಕಡೆ ಇನ್ನೂ ಉದ್ದ, ಇನ್ನೂ ನಿಧಾನದ ಇಳಿಜಾರು. ಅಗಲ ಹನ್ನೆರಡು ಅಡಿ ಇರಲಿ, ಸ್ವಲ್ಪ ಪಕ್ಕಕ್ಕೆ ಸರಿದ್ರೂ ಚಕ್ರ ಅಂಚಿಂದ ಜಾರಬಾರದು. ನೀರು ಹಾಕಿ ಗಟ್ಟಿಯಾಗಿ ಕೂರಿಸಿ. ಮಳೆ ಬಂದ ಮೇಲೆ ಅಂಚು ಕೊರೆದಿದ್ಯಾ ನೋಡಿ, ಕೊರೆದಿದ್ರೆ ಸರಿ ಮಾಡೋ ತನಕ ಗಾಡಿ ಹತ್ತಿಸಬೇಡಿ. ಇಂಥ ದಿಬ್ಬದ ಮೇಲೆ 25 ಕಿ.ಮೀ. ವೇಗದಲ್ಲಿ ಹೋದ್ರೆ ಐದಾರು ಅಡಿ ದೂರ ಹಾರಿ ಸಮತಟ್ಟಿನ ಮೇಲೇ ಕೂರ್ತೀರಿ. ಮೊದಮೊದಲು ಅಷ್ಟು ಸಾಕು.

ಎತ್ತರದ ಬಗ್ಗೆ ನಾನು ಇಷ್ಟು ಹಠ ಹಿಡಿಯೋಕೆ ಕಾರಣ ಇದೆ. ಒಂದು ಮೀಟರ್ ಎತ್ತರದಿಂದ ಸಮತಟ್ಟಾದ ನೆಲಕ್ಕೆ ಬಿದ್ರೆ, ಗಾಡಿ ಗಂಟೆಗೆ 16 ಕಿ.ಮೀ. ವೇಗದಲ್ಲಿ ನೆಟ್ಟಗೆ ನೆಲಕ್ಕೆ ಬಡಿಯುತ್ತೆ. ಆ ಪೆಟ್ಟು ತಗೊಳ್ಳೋದು ಶಾಕ್ ಅಬ್ಸಾರ್ಬರ್, ನಿಮ್ಮ ಮೊಣಕಾಲು, ಕೊನೆಗೆ ಬೆನ್ನುಮೂಳೆ. ಇಳಿಜಾರಿನ ಮೇಲೆ ಇಳಿದ್ರೆ ಆ ಪೆಟ್ಟಿನ ದೊಡ್ಡ ಪಾಲು ಮುಂದಕ್ಕೆ ಹರಿದುಹೋಗುತ್ತೆ.

ಈಗ ಮಷೀನ್. ನಮ್ಮ ಕಡೆ ರೆಸಾರ್ಟ್‌ಗಳಲ್ಲಿ ಬಾಡಿಗೆಗೆ ಸಿಗೋ ಎಟಿವಿ ಹಾರಿಸಬೇಡಿ. ಅದು ದಿನವಿಡೀ ಹತ್ತಾರು ಕೈ ತಿರುಗಿರೋ ಗಾಡಿ. ಮುಂದಿನ ಚಕ್ರ ಹಿಡಿದಿರೋ ಬಾಲ್ ಜಾಯಿಂಟ್ ಎಷ್ಟು ಸವೆದಿದೆ, ಹ್ಯಾಂಡಲ್ ಜೊತೆ ಚಕ್ರ ತಿರುಗಿಸೋ ಟೈ ರಾಡ್ ಹೇಗಿದೆ, ವೀಲ್ ನಟ್ ಬಿಗಿ ಇದ್ಯಾ ಅಂತ ನಿಮಗೆ ಗೊತ್ತಿರಲ್ಲ. ತೋಟಕ್ಕೆ, ಹೊರೆ ಎಳೆಯೋಕೆ ಅಂತ ಮಾಡಿರೋ ದೊಡ್ಡ ಎಟಿವಿಯೂ ಬೇಡ. ಪೊಲಾರಿಸ್ ಸ್ಪೋರ್ಟ್ಸ್‌ಮನ್ 570 ಥರದ್ದು 300 ಕೆ.ಜಿ. ದಾಟುತ್ತೆ. ಯಮಹಾ ವೈಎಫ್‌ಝಡ್450ಆರ್ ಥರ ಹಾರೋಕೆ ಅಂತಲೇ ಮಾಡಿರೋ ಸ್ಪೋರ್ಟ್ ಎಟಿವಿ ಪೆಟ್ರೋಲ್ ಸಮೇತ 185 ಕೆ.ಜಿ. ಆಸುಪಾಸು. ಅದರ ಸಸ್ಪೆನ್ಷನ್ ಮುಂದೆ ಸುಮಾರು 250 ಮಿ.ಮೀ., ಹಿಂದೆ ಸುಮಾರು 280 ಮಿ.ಮೀ. ಮೇಲೆ ಕೆಳಗೆ ಆಡುತ್ತೆ. ನಿಮ್ಮ ಗಾಡಿಯ ಮ್ಯಾನ್ಯುಯಲ್ ತೆಗೆದು ಓದಿ. ಹಾರಿಸಬೇಡಿ ಅಂತ ಅದರಲ್ಲಿ ಬರೆದಿದ್ರೆ ಆ ಗಾಡಿಗೆ ಅದೇ ಕೊನೇ ಮಾತು. ಟೈರ್ ಗಾಳಿನೂ ನೋಡಿ, ಎಡಕ್ಕೂ ಬಲಕ್ಕೂ ಒಂದೇ ಸಮ ಇರಬೇಕು. ಒಂದು ಕಡೆ ಕಮ್ಮಿ ಇದ್ರೆ ಹಾರೋ ಮುಂಚೆಯೇ ಗಾಡಿ ಆ ಕಡೆ ಎಳೆಯುತ್ತೆ.

ಗಾಡಿ ಹತ್ತಿದ ಮೊದಲ ವಾರ ನೆಲ ಬಿಡೋ ಮಾತೇ ಬೇಡ. ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಚಕ್ರದ ಜಾಡು ಬಿದ್ದಿರೋ ಒಣಗಿದ ದಾರಿ ಹುಡುಕಿ, ಅದರ ಮೇಲೆ ನಿಂತುಕೊಂಡೇ ಓಡಿಸಿ. ಕುಲುಕಾಡೋ ಎತ್ತಿನಗಾಡಿ ಮೇಲೆ ನಿಂತು ಹೊಡೆಯೋರು ಹೇಗೆ ಮೊಣಕಾಲು ಸಡಿಲ ಬಿಟ್ಟಿರ್ತಾರೋ ಹಾಗೆ. ಮೊಣಕೈ ಹೊರಕ್ಕೆ, ತಲೆ ಹ್ಯಾಂಡಲ್ ನೇರಕ್ಕೆ, ಕಣ್ಣು ದೂರಕ್ಕೆ. ಗಾಡಿ ಕೆಳಗೆ ಎಷ್ಟು ಕುಣಿದ್ರೂ ನಿಮ್ಮ ತಲೆ ಅಲ್ಲಾಡಬಾರದು. ಅದು ಬಂದ ಮೇಲೆ ದಿಬ್ಬದ ಮೇಲೆ ನಿಧಾನವಾಗಿ ಹತ್ತಿ ಇಳಿಸಿ, ಚಕ್ರ ನೆಲ ಬಿಡದ ಹಾಗೆ. ಆಮೇಲೆ ಚೂರು ಚೂರೇ ವೇಗ.

ದಿಬ್ಬಕ್ಕೆ ನೇರವಾಗಿ ಬನ್ನಿ. ಓರೆಯಾಗಿ ಬಂದ್ರೆ ಒಂದು ಮುಂದಿನ ಚಕ್ರ ಮೊದಲು ಏಳುತ್ತೆ, ಗಾಳಿಯಲ್ಲಿ ಗಾಡಿ ವಾಲುತ್ತೆ, ಅಲ್ಲಿ ಸರಿಪಡಿಸೋಕೆ ಹೊಸಬರ ಕೈಲಾಗಲ್ಲ. ಇನ್ನು ಆಕ್ಸಿಲರೇಟರ್. ಎಟಿವಿಯಲ್ಲಿ ಅದನ್ನ ಬೈಕ್ ಥರ ತಿರುಗಿಸಲ್ಲ, ಹೆಬ್ಬೆರಳಲ್ಲಿ ಒತ್ತೋದು. ದಿಬ್ಬದ ತುದಿಗೆ ಬಂದಾಗ ಭಯಕ್ಕೆ ಹೆಬ್ಬೆರಳು ತೆಗೆದುಬಿಡೋದು ಎಲ್ಲರೂ ಮಾಡೋ ತಪ್ಪು. ತೆಗೆದ ಕೂಡಲೇ ಮೂತಿ ಕುಸಿಯುತ್ತೆ. ಬುಡದಲ್ಲಿ ಎಷ್ಟು ಒತ್ತಿದ್ರೋ ತುದಿ ದಾಟೋ ತನಕ ಅಷ್ಟೇ ಇರಲಿ, ಹೆಚ್ಚೂ ಬೇಡ ಕಮ್ಮಿಯೂ ಬೇಡ. ಭಯ ಆಗೋದಿದ್ರೆ ದಿಬ್ಬಕ್ಕೆ ಇಪ್ಪತ್ತು ಅಡಿ ಮುಂಚೆಯೇ ಬ್ರೇಕ್ ಹಿಡಿದು ವಾಪಸ್ ತಿರುಗಿ, ಅದರಲ್ಲಿ ಅವಮಾನ ಏನಿದೆ?

ಗಾಳಿಯಲ್ಲಿರುವಾಗ ಆಕ್ಸಿಲರೇಟರ್ ಒತ್ತಿದ್ರೆ ಮೂತಿ ಮೇಲಕ್ಕೆ, ಹಿಂದಿನ ಬ್ರೇಕ್ ತಟ್ಟಿದ್ರೆ ಮೂತಿ ಕೆಳಕ್ಕೆ ಬರುತ್ತೆ. ತಿರುಗೋ ಚಕ್ರದ ವೇಗ ಬದಲಾದ್ರೆ ಇಡೀ ಗಾಡಿ ಅದಕ್ಕೆ ಎದುರಾಗಿ ತಿರುಗೋದು ಅದಕ್ಕೆ ಕಾರಣ. ತಿಳ್ಕೊಂಡಿರಿ, ಆದರೆ ಅದನ್ನೇ ನಂಬಿಕೊಂಡು ಹಾರಬೇಡಿ. ಒಂದೂವರೆ ಅಡಿ ದಿಬ್ಬದಲ್ಲಿ ಅಷ್ಟು ಹೊತ್ತು ಗಾಳಿಯಲ್ಲಿ ಇರೋದೂ ಇಲ್ಲ. ಇಳಿಯುವಾಗ ಹ್ಯಾಂಡಲ್ ನೇರ, ಹಿಂದಿನ ಚಕ್ರ ಕೂದಲೆಳೆಯಷ್ಟು ಮೊದಲು ಅಥವಾ ನಾಲ್ಕೂ ಒಟ್ಟಿಗೆ ನೆಲ ಮುಟ್ಟಲಿ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಇರೋದು ಇಳಿದ ಮರುಕ್ಷಣದ ಬಗ್ಗೆ. ಮೈಭಾರ ಮುಂದಕ್ಕೆ ಬಿದ್ದಾಗ ಕೈ ಹ್ಯಾಂಡಲ್ ಬಿಗಿಯಾಗಿ ಹಿಡಿಯುತ್ತೆ, ಗೊತ್ತಿಲ್ಲದೇ ಹೆಬ್ಬೆರಳು ಆಕ್ಸಿಲರೇಟರ್ ಒತ್ತಿಬಿಡುತ್ತೆ. ಗಾಡಿ ನೆಗೆದು ಎದುರಿಗಿರೋ ತೆಂಗಿನಮರಕ್ಕೋ ಬೇಲಿಗೋ ಹೋಗುತ್ತೆ. ಅದಕ್ಕೇ ದಿಬ್ಬದ ಆಚೆ ಕನಿಷ್ಠ ನೂರಡಿ ಖಾಲಿ ಇರಬೇಕು, ಕಿಲ್ ಸ್ವಿಚ್ ದಾರ ಮಣಿಕಟ್ಟಿಗೆ ಕಟ್ಟಿರಬೇಕು. ನೀವು ಬಿದ್ರೆ ದಾರ ಕಿತ್ತು ಇಂಜಿನ್ ನಿಲ್ಲುತ್ತೆ. ಎಂಥ ಪರಿಸ್ಥಿತಿಯಲ್ಲೂ ಬೈಕ್ ಥರ ಕಾಲು ಕೆಳಗೆ ಊರಬೇಡಿ, ಹಿಂದಿನ ಚಕ್ರ ಕಾಲಿನ ಮೇಲೇ ಹತ್ತುತ್ತೆ. ಚಪ್ಪಲಿ ಹಾಕಿಕೊಂಡು ಹತ್ತೋರನ್ನ ಕಂಡ್ರೆ ನನಗೆ ಸಂಕಟ ಆಗುತ್ತೆ. ಪಾದ ಮುಚ್ಚಿ ಮೇಲೆ ಬರೋ ಬೂಟು, ಮುಖ ಪೂರ್ತಿ ಮುಚ್ಚೋ ಹೆಲ್ಮೆಟ್, ಕನ್ನಡಕ, ಕೈಗವಸು ಇಲ್ಲದೆ ದಿಬ್ಬದ ಹತ್ತಿರ ಬರಬೇಡಿ. ಒಬ್ಬರೇ ಹೋಗಬೇಡಿ. ಜೊತೆಗಿರೋರು ಫೋನಲ್ಲಿ ವಿಡಿಯೋ ಮಾಡಲಿ, ಆದರೆ ಬಿದ್ದ ತಕ್ಷಣ ಅದೇ ಫೋನಲ್ಲಿ 108ಕ್ಕೆ ಕರೆ ಮಾಡೋಕೆ ತಯಾರಿರಲಿ.

ಮಕ್ಕಳ ವಿಷಯ. ಅಮೆರಿಕದ ಎಟಿವಿ ಸೇಫ್ಟಿ ಇನ್‌ಸ್ಟಿಟ್ಯೂಟ್ ಹೇಳೋದು, 16 ವರ್ಷ ಆಗದವರು ದೊಡ್ಡವರಿಗೆ ಅಂತ ಮಾಡಿರೋ ಎಟಿವಿ ಓಡಿಸಬಾರದು ಅಂತ. ಅಪ್ಪ ಓಡಿಸುವಾಗ ಮಗನನ್ನ ಹಿಂದೆ ಕೂರಿಸಿಕೊಂಡು ಹಾರಿಸೋದು ನೋಡ್ತೀವಲ್ಲ, ಅದು ನಿಲ್ಲಬೇಕು. ಒಬ್ಬರ ಸೀಟಿನ ಗಾಡಿಯಲ್ಲಿ ಒಬ್ಬರೇ.

ಕೊನೆಗೆ ಮೈಸೂರು, ಮಂಡ್ಯದ ಮೋಟಾರ್ ಕ್ಲಬ್‌ಗಳಿಗೆ ಒಂದು ಮನವಿ. ನೀವು ರೇಸ್‌ಗೆ ಅಂತ ಟ್ರ್ಯಾಕ್ ಕಟ್ತೀರಿ, ಜಂಪ್ ಕಟ್ತೀರಿ, ಮಣ್ಣು, ಜೆಸಿಬಿ, ಆಂಬುಲೆನ್ಸ್ ಎಲ್ಲ ಅಲ್ಲಿರುತ್ತೆ. ರೇಸ್ ಮುಗಿದ ಮಾರನೇ ದಿನ ಎಲ್ಲ ಕೆಡವೋ ಮುಂಚೆ ಒಂದೇ ಒಂದು ಚಿಕ್ಕ ಟೇಬಲ್‌ಟಾಪ್ ಉಳಿಸಿ. ಬೆಳಗ್ಗೆ ಆರರಿಂದ ಹತ್ತರ ತನಕ ಹೊಸಬರಿಗೆ ಬಿಡಿ, ಗೊತ್ತಿರೋ ಸವಾರರು ಇಬ್ಬರು ನಿಂತು ಹೇಳಿಕೊಡಲಿ. ಫೀಸ್ ತಗೊಳ್ಳಿ, ಕೊಡ್ತೀವಿ. ಮೊದಲ ಹೆಸರು ನಾನೇ ಬರೆಸ್ತೀನಿ, ಕಲಿಯೋರ ಸಾಲಲ್ಲಿ ಬೇಕಾದ್ರೂ ಸರಿ, ಮಣ್ಣು ಎಳೆಯೋರ ಸಾಲಲ್ಲಿ ಬೇಕಾದ್ರೂ ಸರಿ.