ಹೊಸ ಪಿಸಿ ಕ್ರ್ಯಾಶ್ ಆಗುತ್ತಿದೆಯಾ? ವಿಂಡೋಸನ್ನು ಸದ್ಯಕ್ಕೆ ಬಿಟ್ಟುಬಿಡಿ

ನಮಸ್ಕಾರ. ಹೊಸದಾಗಿ ಜೋಡಿಸಿದ ಪಿಸಿ ಪದೇ ಪದೇ ಕ್ರ್ಯಾಶ್ ಆಗುತ್ತಿದೆ ಅಂದರೆ ಸಾಕು, ಎಲ್ಲರೂ ಹೇಳುವುದು ಒಂದೇ ಮಾತು: ವಿಂಡೋಸ್ ಮತ್ತೆ ಹಾಕಿ ನೋಡಿ. ನನಗೆ ಈ ಸಲಹೆ ಕೇಳಿದರೇ ಸಿಟ್ಟು ಬರುತ್ತದೆ. ರ‍್ಯಾಮ್ (ಪಿಸಿ ಕೆಲಸ ಮಾಡುವಾಗ ಡೇಟಾ ಇಟ್ಟುಕೊಳ್ಳುವ ತಾತ್ಕಾಲಿಕ ಮೆಮೊರಿ) ಸರಿ ಇಲ್ಲ ಅಂದಮೇಲೆ ಹೊಸ ವಿಂಡೋಸ್ ಕೂಡ ಅದೇ ರ‍್ಯಾಮ್ ಹಾದು ಡಿಸ್ಕಿಗೆ ಹೋಗಬೇಕಲ್ವಾ? ನಡುವೆ ಒಂದು ಬಿಟ್ ತಪ್ಪಿದರೂ ಕೆಟ್ಟ ಫೈಲ್ ಡಿಸ್ಕಿನಲ್ಲಿ ಕೂರುತ್ತದೆ. ಆಮೇಲೆ ರ‍್ಯಾಮ್ ಬದಲಿಸಿದರೂ ಕಾಟ ತಪ್ಪುವುದಿಲ್ಲ.

ರ‍್ಯಾಮ್ ತೊಂದರೆಗೆ ಒಂದು ಗುರುತಿದೆ. ಎರರ್ ಪ್ರತಿ ಸಲವೂ ಬೇರೆ ಬೇರೆ. ಒಮ್ಮೆ ನೀಲಿ ಪರದೆಯಲ್ಲಿ ‘ಮೆಮೊರಿ ಮ್ಯಾನೇಜ್‌ಮೆಂಟ್’ ಅಂತ ಬರುತ್ತದೆ, ಇನ್ನೊಮ್ಮೆ ‘ಪೇಜ್ ಫಾಲ್ಟ್’. ಬ್ರೌಸರ್ ಟ್ಯಾಬ್ ಸುಮ್ನೆ ಸತ್ತುಹೋಗುತ್ತದೆ. ದೊಡ್ಡ ಜಿಪ್ ಫೈಲ್ ಬಿಚ್ಚಿದರೆ ಡೇಟಾ ತಾಳೆಯಾಗುತ್ತಿಲ್ಲ ಅನ್ನುವ ಸಿಆರ್‌ಸಿ ಎರರ್. ಅದೇ ಫೈಲನ್ನು ಇನ್ನೊಂದು ಸಲ ಬಿಚ್ಚಿದರೆ ಏನೂ ಇಲ್ಲ. ಹೀಗಾದರೆ ನನ್ನ ಅನುಮಾನ ಮೊದಲು ಹೋಗುವುದು ರ‍್ಯಾಮ್ ಮೇಲೆ.

ಆದರೆ ರ‍್ಯಾಮ್ ಕೆಟ್ಟಿದೆ ಅಂತ ಆಗಲೇ ತೀರ್ಮಾನ ಮಾಡಬೇಡಿ. ಡಬ್ಬಿಯ ಮೇಲೆ ವೇಗ 6000 ಅಂತ ದಪ್ಪಗೆ ಬರೆದಿರುತ್ತಾರೆ. ಅಂಥ ಡಿಡಿಆರ್5 (ಈಗಿನ ತಲೆಮಾರಿನ ರ‍್ಯಾಮ್) ಸ್ಟಿಕ್ ತಾನಾಗಿ ಓಡುವುದು ಸಾಮಾನ್ಯವಾಗಿ 4800ಕ್ಕೆ, 1.1 ವೋಲ್ಟ್‌ನಲ್ಲಿ. 6000 ಬೇಕಾದರೆ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಲ್ಲಿ) ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಅನ್ನುವ ವೇಗದ ಪ್ರೊಫೈಲ್ ಆನ್ ಮಾಡಬೇಕು, ವೋಲ್ಟೇಜೂ ಏರುತ್ತದೆ. ಅಂದರೆ ಅದು ಓವರ್‌ಕ್ಲಾಕ್, ಮಾಮೂಲಿ ವೇಗಕ್ಕಿಂತ ಜಾಸ್ತಿ ಓಡಿಸುವುದು. ಸ್ಟಿಕ್ ತಡೆದುಕೊಂಡರೆ ಸಾಲದು, ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ರೂ ಮದರ್‌ಬೋರ್ಡೂ ತಡೆದುಕೊಳ್ಳಬೇಕು. ಎಎಂಡಿಯೇ ತನ್ನ ರೈಜನ್ 7000 ಪ್ರೊಸೆಸರುಗಳಿಗೆ ಹೇಳುವ ವೇಗ ಎರಡು ಸ್ಟಿಕ್ಕಿಗೆ 5200, ನಾಲ್ಕು ಹಾಕಿದರೆ ಬರೀ 3600. ಇದನ್ನೂ ಡಬ್ಬಿಯ ಮೇಲೆ ಅಷ್ಟೇ ದಪ್ಪಗೆ ಅಚ್ಚು ಹಾಕಿದ್ದರೆ ಅರ್ಧ ಜನರ ತಲೆನೋವು ತಪ್ಪುತ್ತಿತ್ತು ಅಂತ ನನ್ನ ಅಭಿಪ್ರಾಯ.

ಹಾಗಾಗಿ ಮೊದಲು ಆ ಪ್ರೊಫೈಲ್ ಆಫ್ ಮಾಡಿ ಬಳಸಿ ನೋಡಿ. ಕ್ರ್ಯಾಶ್ ನಿಂತರೆ ಬಯಾಸ್ ಅಪ್‌ಡೇಟ್ ಮಾಡಿ ಮತ್ತೆ ಆನ್ ಮಾಡಿ. ಆಗಲೂ ಆಗದಿದ್ದರೆ 5600ಕ್ಕೆ ಇಳಿಸಿ. ದಿನದ ಕೆಲಸದಲ್ಲಿ ವ್ಯತ್ಯಾಸ ಗೊತ್ತಾಗುವುದೂ ಕಷ್ಟ.

ಪ್ರೊಫೈಲ್ ಆಫ್ ಇದ್ದರೂ ಕ್ರ್ಯಾಶ್ ಆಗುತ್ತಿದ್ದರೆ ಮೆಮ್‌ಟೆಸ್ಟ್86+ ಅನ್ನುವ ಮೆಮೊರಿ ಪರೀಕ್ಷಿಸುವ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಿಸಿ. ಉಚಿತ. ಒಂದೇ ಒಂದು ಎರರ್ ಬಂದರೂ ಫೇಲ್. ‘ಒಂದೇ ತಾನೆ’ ಅನ್ನುವ ರಿಯಾಯಿತಿ ಇಲ್ಲಿಲ್ಲ. ಆಮೇಲೆ ಒಂದೊಂದೇ ಸ್ಟಿಕ್ಕನ್ನು ಒಂದೇ ಸ್ಲಾಟಿನಲ್ಲಿ ಹಾಕಿ ನೋಡಿ, ಬೇರೆ ಸ್ಲಾಟಿನಲ್ಲೂ ಹಾಗೇ ನೋಡಿ. ಒಂದು ಸ್ಟಿಕ್ ಯಾವ ಸ್ಲಾಟಿನಲ್ಲಿ ಹಾಕಿದರೂ ಎರರ್ ಕೊಟ್ಟರೆ ಸ್ಟಿಕ್ಕೇ ಹಾಳು. ಒಂದು ಸ್ಲಾಟಿನಲ್ಲಿ ಯಾವುದನ್ನು ಹಾಕಿದರೂ ಎರರ್ ಬಂದರೆ ಬೋರ್ಡು ನೋಡಿ, ಪ್ರೊಸೆಸರ್ ಸಾಕೆಟ್ಟಿನಲ್ಲಿ ಪಿನ್ ಬಾಗಿದೆಯಾ ನೋಡಿ. ಕೂಲರ್ ಸ್ಕ್ರೂ ಒಂದು ಕಡೆ ಜಾಸ್ತಿ ಬಿಗಿದಿದ್ದರೂ ಹೀಗಾಗಬಹುದು.

ಅಂದಹಾಗೆ, ಎಷ್ಟೋ ಬೋರ್ಡುಗಳಲ್ಲಿ ಸ್ಲಾಟಿನ ಲಾಕ್ ಒಂದೇ ತುದಿಯಲ್ಲಿರುತ್ತದೆ. ಅದು ಟಕ್ ಅಂದರೂ ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲೆ ಉಳಿದಿರಬಹುದು. ಟಾರ್ಚ್ ಹಿಡಿದು ನೋಡಿ. ನಾಲ್ಕು ಸ್ಲಾಟಿನ ಬೋರ್ಡಿಗೆ ಎರಡೇ ಸ್ಟಿಕ್ ಹಾಕುವುದಾದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯದು, ನಾಲ್ಕನೆಯದು. ಡಿಡಿಆರ್5 ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಗೇ ಇರುತ್ತದೆ. ಅದು ಮೆಮೊರಿ ಟ್ರೈನಿಂಗ್, ಅಂದರೆ ಬೋರ್ಡು ಆ ಸ್ಟಿಕ್ಕಿಗೆ ಸರಿಹೊಂದುವ ಸೆಟ್ಟಿಂಗ್ ಹುಡುಕುವ ಸಮಯ. ಗಾಬರಿಯಾಗಿ ಪವರ್ ತೆಗೆಯಬೇಡಿ.

ಎರರಿನಲ್ಲಿ ಮೆಮೊರಿ ಅಂತ ಇದ್ದ ಮಾತ್ರಕ್ಕೆ ರ‍್ಯಾಮ್ ಮೇಲೇ ತಪ್ಪು ಹೊರಿಸಬೇಡಿ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಗೇಮ್ ತೆರೆದರೆ ‘ಔಟ್ ಆಫ್ ವಿಡಿಯೊ ಮೆಮೊರಿ’ ಅಂತ ಬರುತ್ತಿತ್ತು. ವಿಡಿಯೊ ಮೆಮೊರಿ ಬೇಕಾದಷ್ಟಿತ್ತು, ತೊಂದರೆ ಇದ್ದದ್ದು ಪ್ರೊಸೆಸರಿನಲ್ಲಿ. 2024ರಲ್ಲಿ ಇಂಟೆಲ್ ಇದನ್ನು ಒಪ್ಪಿಕೊಂಡು ಬಯಾಸ್ ಮೂಲಕ ಮೈಕ್ರೊಕೋಡ್ (ಪ್ರೊಸೆಸರಿನ ಒಳಗಿನ ಸೂಚನೆಗಳ) ಅಪ್‌ಡೇಟ್ ಕೊಟ್ಟಿತು.

ಸ್ಟಿಕ್ಕೇ ಹಾಳು ಅಂತ ಖಚಿತವಾದರೆ ಎರರ್ ತೋರಿಸುವ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ, ವಾರಂಟಿಗೆ ಬೇಕಾಗುತ್ತದೆ. ಕೆಟ್ಟಿರುವುದು ಒಂದೇ ಆದರೂ ಜೋಡಿಯಾಗಿ ಬಂದ ಎರಡನ್ನೂ ಕಳಿಸಿ ಅನ್ನುವ ಕಂಪನಿಗಳೇ ಜಾಸ್ತಿ. ಹಾಗಾಗಿ ಡಬ್ಬಿ ಎಸೆಯಬೇಡಿ.