ಮರಿಹಾವಿನ ತುತ್ತು

ಕೇಳುಗರಿಗೆ ನಮಸ್ಕಾರ.

ಸಾಕಿದ ಹಾವಿನ ಮರಿಗೆ ಎಷ್ಟು ದೊಡ್ಡ ಬೇಟೆ ಕೊಡಬೇಕು, ಎಷ್ಟು ದಿನಕ್ಕೊಮ್ಮೆ ಕೊಡಬೇಕು ಎಂಬುದು ಇಂದಿನ ಮಾತು. ಹೊಸದಾಗಿ ಹಾವು ಸಾಕುವವರಿಗೆ ಸಾಮಾನ್ಯವಾಗಿ ಇರುವ ಭಯ ಒಂದೇ: ಮರಿ ಹಸಿದು ಸೊರಗೀತು ಎಂದು. ನನ್ನ ಆತಂಕ ಬೇರೆ. ಗಟ್ಟಿಮುಟ್ಟಾದ ಮರಿಗೆ ನಾಲ್ಕು ದಿನದ ಹಸಿವು ಏನೂ ಅಲ್ಲ. ಅದನ್ನು ಕೆಡಿಸುವುದು ಅಕ್ಕರೆಯಿಂದ ಕೊಟ್ಟ ಅತಿ ದೊಡ್ಡ ತುತ್ತು, ಮತ್ತು ಹಿಂದಿನದು ಅರಗುವ ಮೊದಲೇ ಬಾಯಿಗೆ ಬಂದ ಇನ್ನೊಂದು ತುತ್ತು.

ಹಾವು ಅಗಿಯುವುದಿಲ್ಲ, ಇಡಿಯಾಗಿ ನುಂಗುತ್ತದೆ. ಅದರ ಕೆಳದವಡೆಯ ಎಡಬಲ ಭಾಗಗಳು ಮುಂದುಗಡೆ ಬೆಸೆದುಕೊಂಡಿಲ್ಲ, ಹಿಗ್ಗುವ ತಂತುವಿನಿಂದ ಕೂಡಿಕೊಂಡಿವೆ. ಒಂದೊಂದು ಬದಿಯನ್ನೇ ಮುಂದೆ ಸರಿಸುತ್ತ ತನ್ನ ತಲೆಗಿಂತ ಎಷ್ಟೋ ದಪ್ಪದ ಬೇಟೆಯನ್ನು ಅದು ಒಳಗೆಳೆದುಕೊಳ್ಳುತ್ತದೆ. ಆದ್ದರಿಂದ ತಲೆ ನೋಡಿ ಬೇಟೆ ಆರಿಸಬೇಡಿ. ಮರಿಯ ಮೈಯಲ್ಲಿ ಎಲ್ಲಕ್ಕಿಂತ ದಪ್ಪವಾಗಿರುವ ಜಾಗ ನೋಡಿ. ಬೇಟೆ ಅಷ್ಟೇ ದಪ್ಪವಿದ್ದರೆ ಸರಿ, ತುಸು ಹೆಚ್ಚಿದ್ದರೂ ನಡೆಯುತ್ತದೆ. ಒಂದೂವರೆ ಪಟ್ಟು ದಾಟಬಾರದು. ಎಳೆಯ ಮರಿಗೆ ಆ ಅಂಚಿನವರೆಗೂ ಹೋಗುವುದು ಬೇಡ ಎನ್ನುವವನು ನಾನು.

ನುಂಗುವ ಶಕ್ತಿ ಒಂದು, ಅರಗಿಸುವ ಶಕ್ತಿ ಇನ್ನೊಂದು. ಅಗಿಯದೆ ಒಳಗಿಳಿದ ಬೇಟೆಯನ್ನು ಜಠರದ ಆಮ್ಲ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಕರಗಿಸಬೇಕು. ಇದು ಹಾವಿನ ಇಡೀ ದೇಹಕ್ಕೆ ಎಂಥ ಕೆಲಸವೆಂದರೆ, ಬರ್ಮೀಸ್ ಹೆಬ್ಬಾವು ಭಾರಿ ಊಟ ಮಾಡಿದ ಎರಡೇ ದಿನಗಳಲ್ಲಿ ಅದರ ಹೃದಯ ಸುಮಾರು 40 ಶೇಕಡದಷ್ಟು ಬೆಳೆಯುತ್ತದೆ, ಕುಗ್ಗಿದ್ದ ಕರುಳು ಮತ್ತೆ ದಪ್ಪಗಾಗುತ್ತದೆ, ಊಟ ಅರಗಿದ ಮೇಲೆ ಎಲ್ಲವೂ ಹಿಂದಿನಂತಾಗುತ್ತದೆ. ಇಷ್ಟಕ್ಕೆಲ್ಲ ಬೇಕಾದ ಬಿಸಿ ಹಾವಿಗೆ ಸಿಗುವುದು ಹೊರಗಿನಿಂದ. ಗೂಡಿನ ಬೆಚ್ಚನೆಯ ಬದಿ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇಲ್ಲದಿದ್ದರೆ, ಸರಿಯಾದ ಅಳತೆಯ ಬೇಟೆಯೂ ಅರಗದೆ ಹೊಟ್ಟೆಯಲ್ಲೇ ಕೊಳೆಯತೊಡಗುತ್ತದೆ. ಊಟದ ಲೆಕ್ಕಕ್ಕಿಂತ ಮೊದಲು ಥರ್ಮಾಮೀಟರ್ ನೋಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಈಗ ತೂಕದ ಮಾತು. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು. ಹಾವಿಗೆಂದೇ ಒಂದನ್ನು ಬೇರೆ ಇಟ್ಟುಕೊಳ್ಳಿ. ಬೆಳೆಯುವ ಮರಿಗೆ ಅದರ ತೂಕದ 10ರಿಂದ 15 ಶೇಕಡದಷ್ಟು ಬೇಟೆ ಎಂಬುದು ಬಳಕೆಯಲ್ಲಿರುವ ಲೆಕ್ಕ. ಆಫ್ರಿಕಾದ ಚಿಕ್ಕ ಹೆಬ್ಬಾವಾದ ಬಾಲ್ ಪೈಥಾನಿನ ಸುಮಾರು 60 ಗ್ರಾಂ ತೂಗುವ ಮರಿಗೆ 6ರಿಂದ 9 ಗ್ರಾಂ ತೂಕದ ಇಲಿ, ಅಂದರೆ ಮೈತುಂಬ ಕೂದಲು ಬಂದು ಈಗಷ್ಟೇ ಕುಪ್ಪಳಿಸತೊಡಗಿದ ಮರಿ ಇಲಿ ಸರಿಹೋಗುತ್ತದೆ. ಆದರೆ ಈ ಲೆಕ್ಕವನ್ನು ಕುರುಡಾಗಿ ನಂಬಿದರೆ ಅಮೆರಿಕದ ತೆಳ್ಳನೆಯ ಹಾವಾದ ಕಾರ್ನ್ ಸ್ನೇಕಿನ ಮರಿಯ ಮುಂದೆ ಕಕ್ಕಾಬಿಕ್ಕಿಯಾಗುತ್ತೀರಿ. ಮೊಟ್ಟೆಯೊಡೆದು ಬಂದ ಆ ಮರಿ ತೂಗುವುದೇ 6ರಿಂದ 8 ಗ್ರಾಂ. ಅದರ 15 ಶೇಕಡ ಅಂದರೆ ಒಂದು ಗ್ರಾಂ ಆಯಿತು. ಅಷ್ಟು ಚಿಕ್ಕ ಇಲಿ ಸಿಗುವುದು ಕಷ್ಟ. ಒಂದೆರಡು ದಿನದ ಹಿಂದೆ ಹುಟ್ಟಿದ, ಕಣ್ಣು ತೆರೆಯದ, ಕೂದಲಿಲ್ಲದ ಇಲಿಮರಿಯೇ ಎರಡು ಗ್ರಾಂ ಬರುತ್ತದೆ. ಸಾಕುವವರು ಅದನ್ನು ಪಿಂಕಿ ಎನ್ನುತ್ತಾರೆ. ಅದು ಮೆತ್ತಗಿನ, ನೀರಿನಂಶವೇ ಹೆಚ್ಚಿರುವ ಆಹಾರ. ಹಾವಿನ ತೂಕದ ಕಾಲುಭಾಗವಾದರೂ ಸಲೀಸಾಗಿ ಅರಗುತ್ತದೆ. ಹೀಗೆ ತೀರ ಎಳೆಯ ಮರಿಗೆ ದಪ್ಪದ ಅಳತೆ, ಬೆಳೆದಂತೆಲ್ಲ ತೂಕದ ಅಳತೆ.

ಉಂಡ ಮೇಲೆ ಹೊಟ್ಟೆಯ ಬಳಿ ತೆಳುವಾದ ಉಬ್ಬು ಕಾಣಬೇಕು, ಒಂದೆರಡು ದಿನದಲ್ಲಿ ಇಳಿಯಬೇಕು. ಉಬ್ಬು ಕಾಣಲೇ ಇಲ್ಲವೆಂದರೆ ಮುಂದಿನ ಸಲ ಒಂದು ಮೆಟ್ಟಿಲು ದೊಡ್ಡದು ಕೊಡಿ. ಹೇರಿದ ಮೂಟೆಯಂತೆ ನಾಲ್ಕೈದು ದಿನ ನಿಂತರೆ ಬೇಟೆ ಹೆಚ್ಚಾಯಿತು. ಪಿಂಕಿಗಳನ್ನೇ ಎರಡು ಮೂರು ಸೇರಿಸಿ ಕೊಡುತ್ತ ತಿಂಗಳುಗಟ್ಟಲೆ ಮುಂದುವರಿಯುವವರಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ಪಿಂಕಿಯ ಮೂಳೆ ಇನ್ನೂ ಬಲಿತಿರುವುದಿಲ್ಲ, ಸುಣ್ಣದಂಶ ಕಡಿಮೆ. ಬೆಳೆಯುವ ಹಾವಿಗೆ ಬಲಿತ ಮೂಳೆಯ ಇಲಿ ಬೇಕು.

ದಿನಗಳ ಅಂತರ ಜಾತಿಯನ್ನೂ ವಯಸ್ಸನ್ನೂ ಅವಲಂಬಿಸಿದೆ. ಕಾರ್ನ್ ಸ್ನೇಕ್ ಮರಿಗೆ ಐದರಿಂದ ಏಳು ದಿನಕ್ಕೊಮ್ಮೆ, ಬಾಲ್ ಪೈಥಾನ್ ಮರಿಗೆ ವಾರಕ್ಕೊಮ್ಮೆ. ವರ್ಷ ತುಂಬುತ್ತ ಬಂದಂತೆ ಹತ್ತು ದಿನ, ಹದಿನಾಲ್ಕು ದಿನ ಎಂದು ಹಿಗ್ಗಿಸುತ್ತ ಹೋಗಿ. ಬೆಳೆದ ಬಾಲ್ ಪೈಥಾನಿಗೆ ಎರಡರಿಂದ ನಾಲ್ಕು ವಾರಕ್ಕೊಂದು ಊಟ ಸಾಕು. ಗಾರ್ಟರ್ ಹಾವಿನಂಥವು ಮಾತ್ರ ಬೇಗ ಅರಗಿಸಿಕೊಂಡು ಬೇಗ ಹಸಿಯುತ್ತವೆ. ಎರೆಹುಳು, ಮೀನು ತಿನ್ನುವ ಜಾತಿ ಅದು. ಗೋಲ್ಡ್‌ಫಿಶ್ ಮುಂತಾದ ಕೆಲವು ಮೀನುಗಳು ಬಿ1 ಜೀವಸತ್ವವನ್ನು ನಾಶಮಾಡುವುದರಿಂದ ಅವುಗಳನ್ನೇ ನಂಬಿಕೊಂಡು ಅದನ್ನು ಸಾಕಬಾರದು.

ಬೇಗ ಬೆಳೆಯಲಿ ಎಂದು ಮೂರು ದಿನಕ್ಕೊಮ್ಮೆ ತುಂಬಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಾವು ಬೇಡವೆನ್ನುವುದಿಲ್ಲ; ಕಾಡಿನಲ್ಲಿ ಮುಂದಿನ ಬೇಟೆ ಯಾವಾಗಲೋ ಎಂದು ಸಿಕ್ಕಾಗ ನುಂಗುವುದು ಅದರ ಹುಟ್ಟುಗುಣ. ಆ ಗುಣವನ್ನು ಹಸಿವೆಂದು ಓದಬೇಡಿ. ಕೊಬ್ಬು ಪಿತ್ತಜನಕಾಂಗದ ಸುತ್ತ, ಒಳಗೂ ಕಟ್ಟಿಕೊಂಡು ಆಯುಷ್ಯ ತಿನ್ನುತ್ತದೆ. ಮೈ ಬಾಗಿದಲ್ಲಿ ಮಡಿಕೆ ಬಿದ್ದು, ಉಬ್ಬಿಲ್ಲದ ದಿನದಲ್ಲೂ ಹುರುಪೆಗಳ ನಡುವೆ ಚರ್ಮ ಕಂಡರೆ ಊಟ ಕಡಿಮೆ ಮಾಡಿ. ಬೆನ್ನೆಲುಬು ಏಣಿನಂತೆ ಎದ್ದು ಕಂಡರೆ ಅದು ನಿಜವಾದ ಸೊರಗು.

ಕೊಡುವ ಇಲಿ ಸತ್ತು ಹೆಪ್ಪುಗಟ್ಟಿಸಿದ್ದಾಗಿರಲಿ. ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯಗೊಳಿಸಬಲ್ಲದು. ಫ್ರಿಜ್ಜಿನಲ್ಲಿ ಕರಗಿಸಿ, ಚೀಲದಲ್ಲಿಟ್ಟು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಮೈಕ್ರೋವೇವ್ ಬೇಡ. ಒಳಗೆ ಇನ್ನೂ ತಣ್ಣಗಿಲ್ಲವೆಂದು ಒತ್ತಿ ನೋಡಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಕೊಡಿ, ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಉಂಡ ಹಾವನ್ನು ಎರಡು ದಿನ ಎತ್ತಬೇಡಿ.

ಹೊಸದಾಗಿ ಬಂದ ಮರಿಯನ್ನು ಮೊದಲ ವಾರ ಮುಟ್ಟದೆ ಬಿಟ್ಟು, ಆಮೇಲೆ ಬೇಟೆ ತೋರಿಸಿ. ಪೊರೆ ಬಿಡುವ ಮುನ್ನ ಕಣ್ಣು ಮಸುಕಾಗಿ ನೀಲಿಗಟ್ಟುತ್ತದೆ. ಆಗ ಬೇಡವೆಂದರೆ ಪೊರೆ ಕಳಚಿದ ಮೇಲೆ ಮತ್ತೆ ಕೊಡಿ. ಬಾಯಿ ತೆರೆಸಿ ತುರುಕುವ ಕೆಲಸಕ್ಕೆ ಮನೆಯಲ್ಲಿ ಎಂದೂ ಕೈಹಾಕಬೇಡಿ. ವಾರ ವಾರ ಬರೆದಿಟ್ಟ ತೂಕ ನಿಂತಿದ್ದರೆ ಕಾಯಬಹುದು, ಹತ್ತರಲ್ಲಿ ಒಂದು ಪಾಲು ಇಳಿದರೆ ಕಾಯಬಾರದು, ಪಶುವೈದ್ಯರಿಗೆ ತೋರಿಸಬೇಕು.

ಇನ್ನು ನುಂಗಿದ್ದನ್ನು ಕಕ್ಕಿದರೆ. ಪಾಪ, ಹಸಿದಿದೆಯೆಂದು ಮರುದಿನವೇ ಇನ್ನೊಂದು ಇಲಿ ಕೊಡುವುದು ಬಹಳ ಅಪಾಯದ ಕೆಲಸ. ಆಮ್ಲ ತಾಗಿ ಅನ್ನನಾಳ ಉರಿದಿರುತ್ತದೆ, ಜೀರ್ಣರಸಗಳು ಖರ್ಚಾಗಿರುತ್ತವೆ. ನೀರು ಸದಾ ಇರಲಿ. ಗೂಡಿನ ಬಿಸಿ ಪರೀಕ್ಷಿಸಿ, ಹತ್ತರಿಂದ ಹದಿನಾಲ್ಕು ದಿನ ಏನೂ ಕೊಡದೆ ಕಾದು, ಹಿಂದಿನದರ ಅರ್ಧದಷ್ಟು ಬೇಟೆಯಿಂದ ಶುರುಮಾಡಿ. ಎರಡನೆಯ ಸಲವೂ ಕಕ್ಕಿದರೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿಗೆ ಕರೆದೊಯ್ಯಿರಿ. ಕಕ್ಕಿದ್ದನ್ನೂ ತೂಕ ಬರೆದಿಟ್ಟ ಪುಸ್ತಕವನ್ನೂ ಜೊತೆಗೆ ಒಯ್ಯಿರಿ. ವೈದ್ಯರು ಮೊದಲು ಕೇಳುವುದು ಅವನ್ನೇ.

ನಮಸ್ಕಾರ.